ಪದ ಪರಿಚಯ: ಪಿ-ವ್ಯಾಲ್ಯೂ

“ಪಿ-ವ್ಯಾಲ್ಯೂ 0.03 ಬಂದಿದೆ. ಆದ್ದರಿಂದ ಓದಿದ ಗಂಟೆಗಳಿಗೂ ಅಂಕಗಳಿಗೂ ಸಂಬಂಧವಿರುವ ಸಾಧ್ಯತೆ ಶೇ. 97.” ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಈ ಸಾಲು ಯಾರ ಕೆಂಪು ಪೆನ್ನಿಗೂ ಸಿಗದೆ ದಾಟಿಕೊಂಡು ಬರುತ್ತಲೇ ಇದೆ. ಲೆಕ್ಕ ಸರಿ, ವಾಕ್ಯ ತಪ್ಪು.

ಪಿ ಲೆಕ್ಕ ಹಾಕುವಾಗ ಶೂನ್ಯ ಪ್ರಾಕ್ಕಲ್ಪನೆಯನ್ನು, ಅಂದರೆ ‘ಈ ಎರಡು ಚಲಕಗಳಿಗೆ (ಇಲ್ಲಿ ಓದಿದ ಗಂಟೆ, ಅಂಕ) ಸಂಬಂಧವೇ ಇಲ್ಲ’ ಎಂಬ ಮಾತನ್ನು, ನಿಜವೆಂದು ಒಪ್ಪಿಕೊಂಡೇ ಹೊರಡುತ್ತೇವೆ. ಹಾಗೆ ಒಪ್ಪಿಕೊಂಡಾಗ ನಮಗೆ ಸಿಕ್ಕಷ್ಟು, ಇಲ್ಲವೇ ಅದಕ್ಕಿಂತ ವಿಪರೀತವಾದ ಫಲಿತಾಂಶ ಬರುವ ಸಂಭವನೀಯತೆಯೇ ಪಿ. ಮೊದಲೇ ನಿಜವೆಂದು ಹಿಡಿದ ಮಾತು ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಅದೇ ಲೆಕ್ಕದಿಂದ ತೆಗೆಯಲು ಬರುವುದಿಲ್ಲ.

ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ 1935ರಲ್ಲಿ ಕೊಟ್ಟ ಚಹಾದ ಉದಾಹರಣೆಯನ್ನೇ ನೋಡಿ. ಕಪ್ಪಿಗೆ ಮೊದಲು ಬಿದ್ದದ್ದು ಹಾಲೋ ಚಹಾವೋ ಎಂದು ರುಚಿ ನೋಡಿ ಹೇಳಬಲ್ಲೆ ಎನ್ನುತ್ತಾರೆ ಒಬ್ಬ ಮಹಿಳೆ. ಇರುವುದು 8 ಕಪ್. 4ಕ್ಕೆ ಹಾಲು ಮೊದಲು. ಆ ನಾಲ್ಕನ್ನು ಅವರು ಆರಿಸಬೇಕು. ಎಂಟರಲ್ಲಿ ನಾಲ್ಕನ್ನು 70 ರೀತಿ ಆರಿಸಬಹುದು. ಬರೀ ಊಹೆಯಿಂದ (ಇಲ್ಲಿನ ಶೂನ್ಯ ಪ್ರಾಕ್ಕಲ್ಪನೆ ಇದೇ) ನಾಲ್ಕೂ ಸರಿಯಾಗುವ ಸಂಭವ, ಅಂದರೆ ಪಿ, 1/70, ಸುಮಾರು 0.014. ಮೂರು ಮಾತ್ರ ಸರಿಯಾದರೆ? ಅದಕ್ಕೆ 16 ರೀತಿಗಳಿವೆ. ಪೂರ್ತಿ ಸರಿಯಾಗುವ ಒಂದನ್ನೂ ಕೂಡಿಸಬೇಕು, ಹಾಗಾಗಿ ಪಿ 17/70, ಸುಮಾರು 0.24. ಒಂದೇ ಒಂದು ಕಪ್ ಅದಲುಬದಲಾದರೆ ಪುರಾವೆ ಬಿದ್ದುಹೋಯಿತು. (ಕೂಡಿಸುವುದನ್ನು ಮರೆತು 16/70 ಬರೆಯುವವರೂ ಇದ್ದಾರೆ.) 0.014 ಎಂಬುದು ಊಹೆಯ ಆಟದ ಬಗ್ಗೆ ಹೇಳಿದ ಮಾತು. ಆಕೆಗೆ ಆ ಸಾಮರ್ಥ್ಯ ಇಲ್ಲದಿರುವ ಸಾಧ್ಯತೆ ಶೇ. 1.4 ಎಂದು ಅದು ಎಲ್ಲೂ ಹೇಳುವುದಿಲ್ಲ.

ಸಣ್ಣ ವ್ಯತ್ಯಾಸ ಬಿಡಿ ಎನ್ನುವವರಿಗೆ ಒಂದು ಲೆಕ್ಕ. 1000 ಸಂಬಂಧಗಳನ್ನು ಪರೀಕ್ಷಿಸಿದಿರಿ, ನಿಜಕ್ಕೂ ಇರುವುದು 100 ಎಂದಿಟ್ಟುಕೊಳ್ಳಿ. ಪರೀಕ್ಷೆ ಅವುಗಳಲ್ಲಿ 80ನ್ನು ಹಿಡಿಯುತ್ತದೆ. ಪಿ 0.05ಕ್ಕಿಂತ ಕಡಿಮೆ ಬಂದರೆ ಫಲಿತಾಂಶವನ್ನು ‘ಸಿಗ್ನಿಫಿಕೆಂಟ್’, ಅಂದರೆ ಗಣನೀಯ, ಎನ್ನುವುದು ರೂಢಿ. ಉಳಿದ 900ರಲ್ಲಿ ಈ 0.05ರ ಮಟ್ಟದಲ್ಲಿ ಸುಮಾರು 45 ಸುಮ್ಮನೆ ‘ಸಿಗ್ನಿಫಿಕೆಂಟ್’ ಆಗುತ್ತವೆ. ಒಟ್ಟು 125ರಲ್ಲಿ 45 ಹುಸಿ, ಅಂದರೆ ಶೇ. 36. ಶೇ. 5 ಎಲ್ಲಿ, ಶೇ. 36 ಎಲ್ಲಿ! 

ಪಿ ಚಿಕ್ಕದಾದಷ್ಟೂ ಸಂಬಂಧ ಗಟ್ಟಿ ಎಂಬುದು ಈ ತಪ್ಪಿನ ತಮ್ಮ. ಸಾವಿರ ಜನರಲ್ಲಿ ಸಹಸಂಬಂಧ ಗುಣಾಂಕ (ಸಂಬಂಧ ಎಷ್ಟು ಗಟ್ಟಿ ಎಂದು -1ರಿಂದ 1ರೊಳಗೆ ಹೇಳುವ ಅಂಕಿ) 0.08 ಬಂದರೂ ಪಿ ಸುಮಾರು 0.011, ಒಂದು ಚಲಕದ ಏರುಪೇರಿನಲ್ಲಿ ಇನ್ನೊಂದು ವಿವರಿಸುವುದು ಶೇ. 0.64 ಮಾತ್ರ. ಹತ್ತೇ ಜನರಲ್ಲಿ ಗುಣಾಂಕ 0.6 ಇದ್ದರೆ ಪಿ ಸುಮಾರು 0.067. ಇದನ್ನು ನೋಡಿ ‘ಸಂಬಂಧವಿಲ್ಲ ಎಂದು ಸಾಬೀತಾಯಿತು’ ಎಂದು ಬರೆಯಬೇಡಿ. ಶೇ. 95ರ ವಿಶ್ವಾಸ ಅಂತರ (ಸಿಕ್ಕ ಅಂಕಿಗಳಿಗೆ ಹೊಂದುವ ಗುಣಾಂಕಗಳ ವ್ಯಾಪ್ತಿ) ತೆಗೆದರೆ ಅದು -0.05ರಿಂದ 0.89ರವರೆಗೆ ಚಾಚುತ್ತದೆ. ಅಷ್ಟು ಕಡಿಮೆ ಜನರಿಂದ ಏನೂ ತೀರ್ಮಾನವಾಗಿಲ್ಲ, ಅಷ್ಟೇ. ಹಾಗಾಗಿ ಗುಣಾಂಕ, ಮಾದರಿಯ ಗಾತ್ರ, ವಿಶ್ವಾಸ ಅಂತರ, ಪಿ ನಾಲ್ಕನ್ನೂ ಒಟ್ಟಿಗೆ ಕೊಡಿ, ಅದಕ್ಕೂ ಮೊದಲು ಚುಕ್ಕಿ ನಕ್ಷೆ (ಸ್ಕ್ಯಾಟರ್ ಪ್ಲಾಟ್) ಬರೆದು ನೋಡಿ. ಸಂಬಂಧ ನೇರ ಗೆರೆಯಲ್ಲಿರದೆ ಬಾಗಿದ್ದರೆ ಗುಣಾಂಕ ಸೊನ್ನೆಯ ಹತ್ತಿರವೂ ಬರಬಹುದು.

ಇನ್ನು ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಎಸ್‌ಪಿಎಸ್‌ಎಸ್‌ನ ಹಳೆಯ ಆವೃತ್ತಿಗಳು ಪಿ ಜಾಗದಲ್ಲಿ ‘.000’ ಎಂದು ತೋರಿಸಿದ್ದನ್ನು ‘ಪಿ = 0’ ಎಂದು ಇಳಿಸಿಕೊಳ್ಳುವವರಿಗೆ: ಅದು ಹತ್ತಿರದ ಮೂರು ದಶಮಾಂಶಕ್ಕೆ ಸರಿಹೊಂದಿಸಿದ (ರೌಂಡ್ ಮಾಡಿದ) ಅಂಕಿ. ‘ಪಿ < 0.001’ ಎಂದು ಬರೆಯಿರಿ.