ಶಿಪ್ಪಿಂಗ್ ಅಂಡ್ ಹ್ಯಾಂಡ್ಲಿಂಗ್ ಅಂದರೆ ಏನು? ಒಡವೆ ಕೊಳ್ಳುವವರಿಗೂ ಮಾರುವವರಿಗೂ

ಆನ್‌ಲೈನ್‌ನಲ್ಲಿ ಒಂದು ಜೊತೆ ಓಲೆ ಆರಿಸಿ, ವಿಳಾಸ ತುಂಬಿ, ದುಡ್ಡು ಕಟ್ಟುವ ಪುಟಕ್ಕೆ ಬಂದರೆ ಅಲ್ಲಿ ಇನ್ನೊಂದು ಸಾಲು ಇರುತ್ತದೆ: ಶಿಪ್ಪಿಂಗ್ ಅಂಡ್ ಹ್ಯಾಂಡ್ಲಿಂಗ್. ಪಕ್ಕದಲ್ಲಿ ಒಂದು ಮೊತ್ತ. ಓಲೆ ತೂಗುವುದು ಹೆಚ್ಚೆಂದರೆ ನಾಲ್ಕೈದು ಗ್ರಾಂ. ಇದನ್ನು ಕಳಿಸೋಕೆ ಇಷ್ಟು ದುಡ್ಡಾ ಅಂತ ಯಾರಿಗಾದರೂ ಅನ್ನಿಸುತ್ತದೆ. ಕೊಂಡವರು ಕೇಳುತ್ತಾರೆ, ಮಾರಿದವರು "ಇದು ನಮ್ಮ ಪಾಲಿಸಿ" ಅಂತ ಒಂದು ಸಾಲಿನ ಉತ್ತರ ಕಳಿಸುತ್ತಾರೆ, ಆಮೇಲೆ ಒಂದು ಸ್ಟಾರ್ ರಿವ್ಯೂ, ಬ್ಯಾಂಕಿಗೆ ದೂರು, ಹೀಗೆ ಜಗಳ ಬೆಳೆಯುತ್ತಾ ಹೋಗುತ್ತದೆ.

ಇಂಥ ಜಗಳಗಳಲ್ಲಿ ನಿಜವಾದ ಮೋಸ ಇರುವುದು ಕಡಿಮೆ ಎಂದೇ ನನ್ನ ನಂಬಿಕೆ. ಆ ಒಂದು ಸಾಲಿನೊಳಗೆ ಮೂರು ಬೇರೆ ಬೇರೆ ಖರ್ಚು ಸೇರಿಕೊಂಡಿರುತ್ತವೆ: ಸಾಗಣೆ, ಪ್ಯಾಕಿಂಗ್, ವಿಮೆ. ಕೊಳ್ಳುವವರು ಇಡೀ ಮೊತ್ತವನ್ನು ಬರೀ ಕೊರಿಯರ್ ದುಡ್ಡು ಅಂದುಕೊಳ್ಳುತ್ತಾರೆ. ಮಾರುವವರು ಬಿಡಿಸಿ ಹೇಳುವುದಿಲ್ಲ.

ಮೊದಲು ಸಾಗಣೆ. ಇದು ಅಂಚೆಗೋ ಕೊರಿಯರ್‌ಗೋ ನೇರವಾಗಿ ಹೋಗುವ ದುಡ್ಡು. ಇಲ್ಲಿ ಒಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಕೊರಿಯರ್‌ನವರು ತಕ್ಕಡಿಯ ತೂಕ ಮಾತ್ರ ನೋಡುವುದಿಲ್ಲ, ಡಬ್ಬ ಎಷ್ಟು ಜಾಗ ಹಿಡಿಯುತ್ತದೆ ಅಂತಲೂ ನೋಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಅಂತರರಾಷ್ಟ್ರೀಯ ಕೊರಿಯರ್‌ಗಳಲ್ಲಿ ಸಾಮಾನ್ಯ ಲೆಕ್ಕ. ಬಂದ ಸಂಖ್ಯೆಗೆ ವಾಲ್ಯೂಮೆಟ್ರಿಕ್ ತೂಕ ಅನ್ನುತ್ತಾರೆ. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. 20 ಸೆಂಟಿಮೀಟರ್ ಉದ್ದ, 15 ಅಗಲ, 10 ಎತ್ತರದ ಡಬ್ಬ ಅಂದುಕೊಳ್ಳಿ. ಗುಣಿಸಿದರೆ 3000, ಭಾಗಿಸಿದರೆ 0.6 ಕಿಲೋ. ಒಳಗೆ ಇರುವುದು 5 ಗ್ರಾಂ ಉಂಗುರವೇ ಆದರೂ ಆ ಲೆಕ್ಕದಲ್ಲಿ ಅದು 600 ಗ್ರಾಂ.

ಹಾಗಾದರೆ ಚಿಕ್ಕ ಕವರಿನಲ್ಲೇ ಹಾಕಿ ಕಳಿಸಬಹುದಲ್ವಾ? ನೂಲಿನ ಬಳೆಯೋ ಮಣಿಸರವೋ ಆದರೆ ಕಳಿಸಬಹುದು, ಹಲವರು ಕಳಿಸುತ್ತಾರೆ ಕೂಡ. ಬೆಲೆಬಾಳುವ ಒಡವೆ ಆದರೆ ಅದು ಅಪಾಯ. ಚಿಕ್ಕ ಕವರು ಸುಲಭವಾಗಿ ಕಳೆದುಹೋಗುತ್ತದೆ, ಒಳಗೆ ಗಟ್ಟಿಯಾದದ್ದು ಏನೋ ಇದೆ ಅಂತ ಬೆರಳಿಗೆ ಗೊತ್ತಾಗುತ್ತದೆ, ಯಂತ್ರದಲ್ಲಿ ಹಾದುಹೋಗುವಾಗ ಹರಿಯಲೂಬಹುದು.

ಇನ್ನು ಹ್ಯಾಂಡ್ಲಿಂಗ್, ಅಂದರೆ ಕಟ್ಟಿ ಸಿದ್ಧ ಮಾಡುವ ಖರ್ಚು. ಒಂದು ಉಂಗುರ ಹೊರಡುವ ಮುಂಚೆ ಮೇಜಿನ ಮೇಲೆ ಏನೇನು ನಡೆಯುತ್ತದೆ ನೋಡಿ. ಉಂಗುರವನ್ನು ಒರೆಸಿ, ಕಲ್ಲು ಅಲ್ಲಾಡುತ್ತಿದೆಯಾ ಅಂತ ನೋಡಿ, ಫೋಟೋ ತೆಗೆದು, ಅದರ ಡಬ್ಬಿಯಲ್ಲಿ ಇಡುತ್ತಾರೆ. ಡಬ್ಬಿಗೆ ಗುಳ್ಳೆ ಪ್ಲಾಸ್ಟಿಕ್ ಸುತ್ತಿ ಒಂದು ಪೆಟ್ಟಿಗೆಗೆ ಹಾಕುತ್ತಾರೆ, ಆ ಪೆಟ್ಟಿಗೆಯನ್ನು ಇನ್ನೊಂದು ದೊಡ್ಡ ಪೆಟ್ಟಿಗೆಗೆ ಇಟ್ಟು, ಅಲ್ಲಾಡಿಸಿದರೆ ಸದ್ದು ಬಾರದ ಹಾಗೆ ಸುತ್ತ ಕಾಗದ ತುರುಕುತ್ತಾರೆ. ಎಲ್ಲ ಅಂಚಿಗೂ ಟೇಪು. ಅಮೆರಿಕದ ರಿಜಿಸ್ಟರ್ಡ್ ಅಂಚೆಗಂತೂ ಹೊಳೆಯುವ ಪ್ಲಾಸ್ಟಿಕ್ ಟೇಪು ಆಗುವುದೇ ಇಲ್ಲ, ಕಾಗದದ ಟೇಪೇ ಬೇಕು. ಅಂಚುಗಳ ಮೇಲೆ ಸೀಲು ಒತ್ತುತ್ತಾರೆ, ಶಾಯಿ ಅದರ ಮೇಲೆ ಕೂರಬೇಕು. ಯಾರಾದರೂ ಮಧ್ಯದಲ್ಲಿ ಬಿಚ್ಚಿದರೆ ಸೀಲು ಮುರಿದು ತಕ್ಷಣ ಗೊತ್ತಾಗುತ್ತದೆ. ಹೊರಗಡೆ ಎಲ್ಲೂ ಜುವೆಲರ್ಸ್ ಅನ್ನುವ ಹೆಸರು ಬರೆಯುವ ಹಾಗಿಲ್ಲ, ಕಳ್ಳರಿಗೆ ಕರೆದು ಹೇಳಿದ ಹಾಗಾಗುತ್ತದೆ. ಇಷ್ಟಕ್ಕೂ ಒಬ್ಬರ ಸಮಯ, ಸಾಮಾನು ಎರಡೂ ಬೇಕು.

ಒಡವೆಯ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಭಾಗ ವಿಮೆ. 1958ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ವಜ್ರ ವ್ಯಾಪಾರಿ ಹ್ಯಾರಿ ವಿನ್‌ಸ್ಟನ್ ಪ್ರಸಿದ್ಧ ಹೋಪ್ ವಜ್ರವನ್ನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ದಾನ ಕೊಟ್ಟರು. ಕಳಿಸಿದ್ದು ರಿಜಿಸ್ಟರ್ಡ್ ಅಂಚೆಯಲ್ಲಿ, ಕಂದು ಕಾಗದ ಸುತ್ತಿದ ಸಾದಾ ಪೊಟ್ಟಣದಲ್ಲಿ. ಒಟ್ಟು ಖರ್ಚು 145 ಡಾಲರ್ 29 ಸೆಂಟ್. ಅದರಲ್ಲಿ ಅಂಚೆಯ ದರ ಬರೀ 2 ಡಾಲರ್ 44 ಸೆಂಟ್. ಮಿಕ್ಕ 142 ಡಾಲರ್ 85 ಸೆಂಟ್ ಹೋದದ್ದು ಹತ್ತು ಲಕ್ಷ ಡಾಲರ್ ವಿಮೆಗೆ. ಇವತ್ತು ಒಂದು ಉಂಗುರದ ಬಿಲ್ಲು ನೋಡಿ ಬೇಜಾರಾಗುವವರು ಈ ಲೆಕ್ಕವನ್ನು ಒಮ್ಮೆ ನೆನೆಯಬೇಕು. ಒಡವೆಯನ್ನು ಹೊತ್ತುಕೊಂಡು ಹೋಗುವುದು ಅಗ್ಗ. ಕಳೆದುಹೋದರೆ ಬೆಲೆ ತುಂಬಿಕೊಡುತ್ತೇವೆ ಅಂತ ಒಬ್ಬರು ಹೊಣೆ ಹೊರುವುದು ದುಬಾರಿ.

ಕೊರಿಯರ್ ಕಂಪನಿಯೇ ಹೊಣೆ ಹೊರುತ್ತದೆ ಅಂತ ಅಂದುಕೊಳ್ಳುವುದೂ ತಪ್ಪು. ಮಾಮೂಲಿ ದರದಲ್ಲಿ ಕಳಿಸಿದ ಪಾರ್ಸೆಲ್ ಕಳೆದರೆ ಅವರು ಕೊಡುವುದು ಒಂದು ಸಣ್ಣ ಮಿತಿಯೊಳಗಿನ ಪರಿಹಾರ. ಘೋಷಿತ ಮೌಲ್ಯ ಅಂತ ಫಾರ್ಮಿನಲ್ಲಿ ಬರೆದು ಜಾಸ್ತಿ ದುಡ್ಡು ಕಟ್ಟಿದರೆ ಆ ಮಿತಿ ಸ್ವಲ್ಪ ಏರುತ್ತದೆ, ಆದರೆ ಅದು ವಿಮೆ ಆಗುವುದಿಲ್ಲ. ಒಡವೆಗೆ ಅಂತಲೇ ಕಡಿಮೆ ಮಿತಿ ಇಟ್ಟಿರುವ ಕಂಪನಿಗಳಿವೆ. ಅದಕ್ಕೇ ಎಚ್ಚರಿಕೆಯ ವ್ಯಾಪಾರಿಗಳು ಬೇರೆ ವಿಮೆ ಮಾಡಿಸುತ್ತಾರೆ. ಆ ವಿಮೆಗೆ ಅದರದೇ ಷರತ್ತುಗಳು: ಪಡೆದವರು ಸಹಿ ಹಾಕಲೇಬೇಕು, ಬಾಗಿಲಲ್ಲಿ ಬಿಟ್ಟು ಹೋಗುವಂತಿಲ್ಲ. ನಾನು ಆಫೀಸಿನಲ್ಲಿದ್ದೆ, ಪಕ್ಕದ ಮನೆಗೆ ಕೊಟ್ಟಿದ್ದರೆ ಸಾಕಿತ್ತು ಅಂತ ಕೊಂಡವರು ರೇಗುವುದೂ ಈ ಕಾರಣಕ್ಕೇ.

ಇದೆಲ್ಲ ಗೊತ್ತಾದ ಮೇಲೂ ಜಗಳ ನಿಲ್ಲುವುದಿಲ್ಲ, ಯಾಕೆಂದರೆ ಎಷ್ಟು ಅನ್ನುವುದಕ್ಕಿಂತ ಯಾವಾಗ ಹೇಳಿದರು ಅನ್ನುವುದು ಜನರನ್ನು ಹೆಚ್ಚು ಕೆರಳಿಸುತ್ತದೆ. ಮೊದಲ ಪುಟದಲ್ಲಿ ಒಂದು ಬೆಲೆ ತೋರಿಸಿ, ಮುಂದಿನ ಪುಟದಲ್ಲಿ ಪ್ಯಾಕಿಂಗ್ ಸೇರಿಸಿ, ಕಾರ್ಡ್ ನಂಬರ್ ಹಾಕುವ ಹೊತ್ತಿಗೆ ವಿಮೆಯನ್ನೂ ಸೇರಿಸುವುದಕ್ಕೆ ಡ್ರಿಪ್ ಪ್ರೈಸಿಂಗ್ ಅಂತ ಹೆಸರೇ ಇದೆ. ಇದು ತಪ್ಪು, ನನಗೆ ಇದರಲ್ಲಿ ಯಾವ ಅನುಮಾನವೂ ಇಲ್ಲ. ಭಾರತದಲ್ಲಿ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವವರು ಒಟ್ಟು ಬೆಲೆಯ ಜೊತೆಗೆ ಡೆಲಿವರಿ, ಅಂಚೆ, ಹ್ಯಾಂಡ್ಲಿಂಗ್ ಮುಂತಾದ ಶುಲ್ಕಗಳನ್ನು ಬಿಡಿಸಿ ತೋರಿಸಬೇಕು. ಕಾನೂನು ಇರಲಿ ಬಿಡಲಿ, ಒಡವೆ ಮಾರುವವರು ಬಿಲ್ಲಿನಲ್ಲಿ ಒಂದು ಸಾಲಿನ ಬದಲು ಮೂರು ಸಾಲು ಬರೆದರೆ ಅರ್ಧ ದೂರುಗಳು ಬರುವುದೇ ಇಲ್ಲ.

ಇನ್ನೊಂದು ಮಾಮೂಲಿ ತಕರಾರು. ಡಬ್ಬದ ಮೇಲಿನ ಚೀಟಿಯಲ್ಲಿ ಅಂಚೆ ದರ ಅಚ್ಚಾಗಿರುತ್ತದೆ. ಬಿಲ್ಲಿನಲ್ಲಿ ಇದ್ದದ್ದು ಅದರ ಎರಡರಷ್ಟು. ಕೊಂಡವರು ಎರಡರ ಫೋಟೋ ತೆಗೆದು ಕಳಿಸುತ್ತಾರೆ. ವ್ಯತ್ಯಾಸ ಇದ್ದ ಮಾತ್ರಕ್ಕೆ ಮೋಸ ಅನ್ನಲಾಗದು, ಪ್ಯಾಕಿಂಗ್ ಮತ್ತು ವಿಮೆ ಆ ಚೀಟಿಯಲ್ಲಿ ಕಾಣುವುದಿಲ್ಲ. ಆದರೆ ಒಡವೆಗೆ ಪುಡಿಗಾಸಿನ ಬೆಲೆ, ಶಿಪ್ಪಿಂಗ್‌ಗೆ ಅದರ ಹತ್ತರಷ್ಟು ಅಂತ ಹಾಕಿದ್ದರೆ ಅದು ಬೇರೆ ಆಟ. ಮಾರಾಟ ತಾಣಗಳು ಒಂದು ಕಾಲದಲ್ಲಿ ವಸ್ತುವಿನ ಬೆಲೆಯ ಮೇಲಷ್ಟೇ ಕಮಿಷನ್ ಹಿಡಿಯುತ್ತಿದ್ದವು, ಹಾಗಾಗಿ ಕೆಲವರು ಬೆಲೆಯನ್ನು ಶಿಪ್ಪಿಂಗ್‌ಗೆ ವರ್ಗ ಮಾಡಿಬಿಡುತ್ತಿದ್ದರು. ಇಬೇ 2011ರಲ್ಲಿ, ಎಟ್ಸಿ 2018ರಲ್ಲಿ ಶಿಪ್ಪಿಂಗ್ ಮೊತ್ತದ ಮೇಲೂ ಕಮಿಷನ್ ಹಿಡಿಯಲು ಶುರು ಮಾಡಿದವು. ಆದರೂ ಇನ್ನೊಂದು ಲಾಭ ಉಳಿದಿದೆ: ಒಡವೆ ವಾಪಸ್ ಬಂದರೆ ವಸ್ತುವಿನ ಬೆಲೆ ಕೊಡುತ್ತೇವೆ, ಶಿಪ್ಪಿಂಗ್ ಕೊಡುವುದಿಲ್ಲ ಅನ್ನಬಹುದು. ಅಂಥ ಕಡೆ ಕೊಳ್ಳದೆ ಇರುವುದೇ ಒಳ್ಳೆಯದು.

ಫ್ರೀ ಶಿಪ್ಪಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಖರ್ಚು ಬೆಲೆಯೊಳಗೇ ಸೇರಿದೆ ಅಂತ ಅರ್ಥ, ಅಷ್ಟೇ. ಇಷ್ಟು ಮೊತ್ತ ದಾಟಿದರೆ ಫ್ರೀ ಅಂದಿದ್ದಕ್ಕೆ ಸರದ ಜೊತೆ ಓಲೆಯನ್ನೂ ಕೊಂಡು, ಆಮೇಲೆ ಓಲೆಯನ್ನು ಮಾತ್ರ ವಾಪಸ್ ಮಾಡಿದರೆ ಕೆಲವರು ಸಾಗಣೆ ಖರ್ಚನ್ನು ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಮೊದಲೇ ಬರೆದಿದ್ದರೆ ನ್ಯಾಯ, ಬರೆಯದೆ ಹಿಡಿದರೆ ಅನ್ಯಾಯ.

ವಾಪಸ್ ಮಾಡುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಯಾಕೆ ವಾಪಸ್? ಕಲ್ಲು ಬಿದ್ದಿದೆ, ಬೇರೆಯದೇ ಉಂಗುರ ಬಂದಿದೆ, ಬೆಳ್ಳಿ ಅಂದಿದ್ದು ಬೆಳ್ಳಿ ಅಲ್ಲ ಅಂದರೆ ಹೋಗುವ ಬರುವ ಖರ್ಚೆಲ್ಲ ಮಾರಿದವರದೇ. ಇದರಲ್ಲಿ ಚೌಕಾಸಿಯೇ ಇರಬಾರದು. ಮನಸ್ಸಿಗೆ ಹಿಡಿಸಲಿಲ್ಲ ಅಂತ ವಾಪಸ್ ಆದರೆ ಒಂದೊಂದು ಕಡೆ ಒಂದೊಂದು ನಿಯಮ. ಐರೋಪ್ಯ ಒಕ್ಕೂಟದಲ್ಲಿ ಆನ್‌ಲೈನ್ ಖರೀದಿಯನ್ನು 14 ದಿನದೊಳಗೆ ಕಾರಣ ಹೇಳದೆ ರದ್ದು ಮಾಡಬಹುದು, ಆಗ ವ್ಯಾಪಾರಿ ಮೊದಲು ಪಡೆದ ಸಾಗಣೆ ಖರ್ಚನ್ನೂ ಹಿಂದಿರುಗಿಸಬೇಕು. ಆದರೆ ಸಾಮಾನ್ಯ ಡೆಲಿವರಿಯ ಖರ್ಚು ಮಾತ್ರ. ಬೇಗ ಬರಲಿ ಅಂತ ಎಕ್ಸ್‌ಪ್ರೆಸ್ ಆರಿಸಿದ್ದರೆ ಆ ಹೆಚ್ಚಿನ ದುಡ್ಡು ಬರುವುದಿಲ್ಲ. ವಾಪಸ್ ಕಳಿಸುವ ಖರ್ಚು ಸಾಮಾನ್ಯವಾಗಿ ಕೊಂಡವರ ಮೇಲೆ. ಹೆಸರು ಕೆತ್ತಿಸಿದ ಉಂಗುರದಂಥ, ಹೇಳಿ ಮಾಡಿಸಿದ ಒಡವೆಗೆ ಈ ರದ್ದಿನ ಹಕ್ಕೇ ಇಲ್ಲ.

ಅಳತೆ ಸರಿಯಾಗದ ಉಂಗುರ ಇದೆಯಲ್ಲ, ಅದು ಇವೆರಡರ ಮಧ್ಯೆ ಸಿಕ್ಕಿಕೊಳ್ಳುತ್ತದೆ. ತಪ್ಪು ಅಳತೆ ಕೊಟ್ಟವರು ಯಾರು? ಒಂದು ಸಲ ಅಳತೆ ಸರಿ ಮಾಡಿಕೊಡುವುದು ಉಚಿತ ಅಂತ ಬರೆದಿರುತ್ತಾರೆ. ಉಚಿತ ಅಂದರೆ ಅಕ್ಕಸಾಲಿಗರ ಕೂಲಿ ಮಾತ್ರ ಅಂತ ಮಾರುವವರ ಲೆಕ್ಕ, ಶಿಪ್ಪಿಂಗ್ ಕೂಡ ಸೇರಿದೆ ಅಂತ ಕೊಳ್ಳುವವರ ಲೆಕ್ಕ. ಹಾಗಾಗಿ ಕೊಳ್ಳುವ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ.

ಬೇರೆ ದೇಶದಿಂದ ತರಿಸಿದರೆ ಸುಂಕದ ಮಾತೂ ಬರುತ್ತದೆ. ಡೆಲಿವರಿಯ ಷರತ್ತಿನಲ್ಲಿ ಡಿಡಿಪಿ (ಡೆಲಿವರ್ಡ್ ಡ್ಯೂಟಿ ಪೇಯ್ಡ್) ಅಂತ ಇದ್ದರೆ ಸುಂಕ ಮಾರುವವರ ಜವಾಬ್ದಾರಿ. ಡಿಎಪಿ (ಡೆಲಿವರ್ಡ್ ಅಟ್ ಪ್ಲೇಸ್) ಅಂತ ಇದ್ದರೆ ಪಾರ್ಸೆಲ್ ಬಂದಾಗ ನೀವು ಕಟ್ಟಬೇಕು, ಕೊರಿಯರ್‌ನವರ ಸೇವಾ ಶುಲ್ಕವೂ ಜೊತೆಗೆ ಸೇರಬಹುದು. ನಾನು ಶಿಪ್ಪಿಂಗ್ ಕಟ್ಟಿದ್ದೇನಲ್ಲ ಅಂತ ಕಟ್ಟಲು ಒಪ್ಪದೆ ಪಾರ್ಸೆಲ್ ಹಿಂದಕ್ಕೆ ಕಳಿಸಿಬಿಟ್ಟರೆ, ಎರಡೂ ಕಡೆಯ ಸಾಗಣೆ ಖರ್ಚನ್ನು ಹಿಡಿದುಕೊಂಡು ಉಳಿದದ್ದನ್ನು ವಾಪಸ್ ಕೊಡುವ ವ್ಯಾಪಾರಿಗಳಿದ್ದಾರೆ.

ದೂರು ಕೊಡುವುದಾದರೆ ಸುಮ್ನೆ "ಶಿಪ್ಪಿಂಗ್ ಜಾಸ್ತಿ ಆಯಿತು" ಅಂತ ಬರೆಯಬೇಡಿ. "ಈ ಮೊತ್ತದಲ್ಲಿ ಕೊರಿಯರ್‌ಗೆ ಎಷ್ಟು, ಪ್ಯಾಕಿಂಗ್‌ಗೆ ಎಷ್ಟು, ವಿಮೆಗೆ ಎಷ್ಟು, ವಿಮೆ ಎಷ್ಟು ಬೆಲೆಗೆ ಮಾಡಿದ್ದೀರಿ?" ಅಂತ ಕೇಳಿ. ನೇರವಾಗಿ ವ್ಯಾಪಾರ ಮಾಡುವವರು ಇದಕ್ಕೆ ಉತ್ತರ ಕೊಡುತ್ತಾರೆ. ವಿಮೆಯ ದುಡ್ಡು ತೆಗೆದುಕೊಂಡು ವಿಮೆಯನ್ನೇ ಮಾಡಿಸದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಬ್ಯಾಂಕಿನ ಮೂಲಕ ದುಡ್ಡು ವಾಪಸ್ ಕೇಳುವ ಚಾರ್ಜ್‌ಬ್ಯಾಕ್ ಕೊನೆಯ ದಾರಿ, ಅಲ್ಲಿ ಆರ್ಡರ್ ಮಾಡಿದ ದಿನದ ಪುಟದ ಸ್ಕ್ರೀನ್‌ಶಾಟ್ ನಿಮ್ಮ ಹತ್ತಿರ ಇದ್ದರೆ ಬಹಳ ಉಪಯೋಗ.

ಒಡವೆ ವಾಪಸ್ ಕಳಿಸುವಾಗ ನೀವೂ ವಿಮೆ ಮಾಡಿಸಿಯೇ ಕಳಿಸಿ. ಬಂದಾಗ ಮಾರಿದವರ ವಿಮೆ ಇತ್ತು, ಹೋಗುವಾಗ ಅದು ಸಾಮಾನ್ಯವಾಗಿ ಇರುವುದಿಲ್ಲ. ದುಡ್ಡು ಉಳಿಸಲು ಸಾದಾ ಅಂಚೆಯಲ್ಲಿ ಹಾಕಿ, ಅದು ದಾರಿಯಲ್ಲಿ ಕಳೆದರೆ, ನಮಗೆ ಒಡವೆ ತಲುಪಲೇ ಇಲ್ಲ ಅಂತ ಅವರು ಹೇಳುತ್ತಾರೆ, ಹೆಚ್ಚಿನ ಕಡೆ ಅವರ ಮಾತೇ ನಿಲ್ಲುತ್ತದೆ. ಅವರೇ ಕಳಿಸಿಕೊಟ್ಟ ರಿಟರ್ನ್ ಲೇಬಲ್ ಇದ್ದರೆ ಅದನ್ನೇ ಅಂಟಿಸಿ, ಡಬ್ಬ ಒಪ್ಪಿಸಿದ ರಸೀದಿಯನ್ನು ದುಡ್ಡು ಕೈಸೇರುವ ತನಕ ಇಟ್ಟುಕೊಳ್ಳಿ.