ಬಿಸಿಲು ಸೀಮೆಗೆ ಒಗ್ಗುವ ಸ್ಪಾ ಯಾವುದು?

ಗ್ಲೋಬಲ್ ವೆಲ್‌ನೆಸ್ ಇನ್‌ಸ್ಟಿಟ್ಯೂಟ್ ಸಂಸ್ಥೆಯ ಲೆಕ್ಕದಂತೆ, 2023ರಲ್ಲಿ ಜಗತ್ತಿನ ಜನ ತಮ್ಮ ಕ್ಷೇಮಕ್ಕಾಗಿ ಮಾಡಿದ ವೆಚ್ಚ ಸುಮಾರು 6.3 ಲಕ್ಷ ಕೋಟಿ ಡಾಲರ್. ವ್ಯಾಯಾಮ, ಆಹಾರ, ಸೌಂದರ್ಯ ಸಾಧನ ಎಲ್ಲವೂ ಸೇರಿದ ಈ ಮೊತ್ತದಲ್ಲಿ ಸ್ಪಾಗಳ ಪಾಲು ಚಿಕ್ಕದು. ಕೋವಿಡ್ ಬಂದ 2020ರಲ್ಲಿ ಆ ಪಾಲು ಸುಮಾರು 11,000 ಕೋಟಿ ಡಾಲರಿನಿಂದ 6,800 ಕೋಟಿಗೆ ಕುಸಿಯಿತು. ಮೂರೇ ವರ್ಷಗಳಲ್ಲಿ ಹಳೆಯ ಮಟ್ಟವನ್ನು ದಾಟಿ ಮುಂದೆ ಹೋಯಿತು. ಹಂಪಿ ನೋಡಲು ಬಂದವರಲ್ಲಿ ಅನೇಕರು ತಂಗುವ ಕೊಪ್ಪಳ ಜಿಲ್ಲೆಯ ಆನೆಗುಂದಿ, ಸಾಣಾಪುರದ ಸುತ್ತಲೂ ಈ ಉದ್ಯಮಕ್ಕೆ ಜಾಗವಿದೆ ಎಂಬ ಮಾತು ಕೇಳಿಬರುತ್ತಿರುವುದು ಸಹಜವೇ. ಆದರೆ ಫಿನ್ಲೆಂಡಿನ ಸೌನಾ ಎಂಬ ಬಿಸಿಕೋಣೆಯನ್ನೂ ಯುರೋಪಿನ ಬಿಸಿನೀರಿನ ಕೊಳವನ್ನೂ ಹಾಗೆಯೇ ತಂದು ತುಂಗಭದ್ರೆಯ ದಂಡೆಯಲ್ಲಿ ಕೂರಿಸುವುದು ಸರಿಯಾದ ದಾರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಅದಕ್ಕೆ ಕಾರಣಗಳು ಶರೀರವಿಜ್ಞಾನದಲ್ಲಿಯೂ ಈ ನೆಲದ ನೀರಿನಲ್ಲಿಯೂ ಇವೆ.

ಸೌನಾದ ಪರವಾಗಿ ಹೆಚ್ಚು ಉಲ್ಲೇಖಗೊಳ್ಳುವುದು ಪೂರ್ವ ಫಿನ್ಲೆಂಡಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ. 2,315 ಮಧ್ಯವಯಸ್ಕ ಗಂಡಸರನ್ನು ಸುಮಾರು ಇಪ್ಪತ್ತು ವರ್ಷ ಗಮನಿಸಿದಾಗ, ವಾರಕ್ಕೆ ಒಮ್ಮೆ ಸೌನಾಕ್ಕೆ ಹೋಗುವವರಿಗಿಂತ ನಾಲ್ಕರಿಂದ ಏಳು ಬಾರಿ ಹೋಗುವವರಲ್ಲಿ ಹೃದಯದ ತೊಂದರೆಯಿಂದ ಹಠಾತ್ತನೆ ಸಾಯುವ ಅಪಾಯ ಶೇ. 63ರಷ್ಟು ಕಡಿಮೆ ಇತ್ತು. ಅಧ್ಯಯನ ಗಂಭೀರವಾದದ್ದೇ. ಆದರೂ ಅದು ಕೇವಲ ವೀಕ್ಷಣೆ: ವಾರವಿಡೀ ಸೌನಾಕ್ಕೆ ಹೋಗುವವರು ಮೊದಲಿನಿಂದಲೇ ಹೆಚ್ಚು ಗಟ್ಟಿಯಾಗಿದ್ದವರಿರಬಹುದು ಎಂಬ ಸಂದೇಹವನ್ನು ಇಂಥ ಅಧ್ಯಯನ ಪೂರ್ತಿ ನಿವಾರಿಸಲಾರದು. ಅದಕ್ಕಿಂತ ಮುಖ್ಯವಾಗಿ, ಅದು ಚಳಿಯ ದೇಶದ ದೇಹಗಳ ಕಥೆ. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಸುತ್ತಲಿನ ಗಾಳಿ ಚರ್ಮಕ್ಕಿಂತ, ಅಂದರೆ ಸುಮಾರು 35 ಡಿಗ್ರಿಗಿಂತ ಬಿಸಿಯಾದ ಮೇಲೆ ದೇಹಕ್ಕೆ ಶಾಖ ಹೊರಹಾಕಲು ಉಳಿಯುವ ದಾರಿ ಒಂದೇ, ಬೆವರು ಆರುವುದು. ಹಗಲೆಲ್ಲ ಬೆವರಿ ನೀರು, ಉಪ್ಪು ಕಳೆದುಕೊಂಡ ದೇಹವನ್ನು ಸಂಜೆ 80 ಡಿಗ್ರಿಯ ಕೋಣೆಯಲ್ಲಿ ಕೂರಿಸಿದರೆ ಚರ್ಮದ ರಕ್ತನಾಳಗಳು ಇನ್ನಷ್ಟು ಹಿಗ್ಗಿ, ರಕ್ತದೊತ್ತಡ ಇಳಿದು, ಎದ್ದು ನಿಂತೊಡನೆ ತಲೆ ಸುತ್ತಿ ಬೀಳುವ ಸಂಭವ ಹೆಚ್ಚು. ನಮ್ಮ ಸೀಮೆಯ ಜನರಿಗೆ ಬೇಸಿಗೆಯಲ್ಲಿ ಬೇಕಾದದ್ದು ತಂಪು.

ಇನ್ನು ನೀರು. ಉದ್ಯಮದವರು ಕಡಿಮೆ ಮಾತನಾಡುವ ವಿಷಯ ಇದು, ಕಠಿಣವಾದದ್ದೂ ಇದೇ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಾಜಿ ಸೈನಿಕರ ಸಮಾವೇಶವೊಂದರಲ್ಲಿ ಹಬ್ಬಿದ ನ್ಯುಮೋನಿಯಾದಿಂದ ಪತ್ತೆಯಾದ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಸುಮಾರು 20ರಿಂದ 45 ಡಿಗ್ರಿ ಬಿಸುಪಿನ ನೀರಿನಲ್ಲಿ ಬೆಳೆಯುತ್ತದೆ. ಗುಳ್ಳೆ ಏಳುವ ಬಿಸಿನೀರಿನ ತೊಟ್ಟಿಯ ಉಷ್ಣಾಂಶವೂ ಇದೇ ವ್ಯಾಪ್ತಿಯೊಳಗಿದೆ. ಗುಳ್ಳೆ ಒಡೆದಾಗ ಏಳುವ ಸೂಕ್ಷ್ಮ ಹನಿಗಳನ್ನು ಉಸಿರಾಡಿದವರ ಶ್ವಾಸಕೋಶಕ್ಕೆ ರೋಗಾಣು ಇಳಿಯುತ್ತದೆ. 1999ರಲ್ಲಿ ನೆದರ್ಲೆಂಡ್ಸಿನ ಒಂದು ಹೂವಿನ ಪ್ರದರ್ಶನದಲ್ಲಿ ಮಾರಾಟಕ್ಕೆಂದು ಇಟ್ಟಿದ್ದ ಇಂಥ ತೊಟ್ಟಿಗಳ ಬಳಿ ಹಾದುಹೋದವರಲ್ಲೇ ಅನೇಕರು ಕಾಯಿಲೆ ಬಿದ್ದರು, ಹಲವರು ಸತ್ತರು. ಇದನ್ನು ತಡೆಯುವ ಕ್ಲೋರಿನ್ ಬಿಸಿನೀರಿನಲ್ಲಿ ಬೇಗ ಕ್ಷೀಣಿಸುತ್ತದೆ. ಆದ್ದರಿಂದ ತೊಟ್ಟಿಯ ನೀರಿನಲ್ಲಿ ಲೀಟರಿಗೆ ಕನಿಷ್ಠ 3 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, ಉಷ್ಣಾಂಶ 40 ಡಿಗ್ರಿ ಮೀರಬಾರದು, ಇವನ್ನು ದಿನವೂ ಪದೇ ಪದೇ ಅಳೆಯುತ್ತಿರಬೇಕು ಎಂಬುದು ಅಮೆರಿಕದ ರೋಗನಿಯಂತ್ರಣ ಕೇಂದ್ರದ ಸಲಹೆ.

ಈ ಸಲಹೆಯನ್ನು ಪಾಲಿಸುವುದು ಕೊಪ್ಪಳ, ರಾಯಚೂರಿನ ಕೊಳವೆಬಾವಿಯ ನೀರಿನಲ್ಲಿ ಇನ್ನೂ ಕಷ್ಟ. ಗಡಸು ನೀರು ಕಾದಾಗ ಸುಣ್ಣದಂಶ ಕೊಳವೆಗಳ ಒಳಮೈಗೆ ಅಂಟುತ್ತದೆ. ಆ ಒರಟು ಪದರದಲ್ಲಿ ಸೂಕ್ಷ್ಮಜೀವಿಗಳು ಲೋಳೆ ಕಟ್ಟಿಕೊಂಡು ಕ್ಲೋರಿನ್ನಿಗೆ ಸಿಗದೆ ಉಳಿಯುತ್ತವೆ. ಎರಡೂ ಜಿಲ್ಲೆಗಳ ಅಂತರ್ಜಲದಲ್ಲಿ, ಕುಡಿದರೆ ಹಲ್ಲು, ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಹೆಚ್ಚಿರುವ ಊರುಗಳು ಅನೇಕ. ಸ್ನಾನದಿಂದ ಫ್ಲೋರೈಡ್ ಮೈಗೆ ಹತ್ತುವುದಿಲ್ಲ, ನಿಜ. ಆದರೆ ಗಡಸುತನ ಕಳೆಯಲೆಂದು ಆರ್‌ಒ ಘಟಕ ಹಾಕಿದರೆ, ಶುದ್ಧವಾದ ನೀರಿನ ಜೊತೆಗೆ ದೊಡ್ಡ ಪ್ರಮಾಣದ ತ್ಯಾಜ್ಯ ನೀರು ಲವಣ, ಫ್ಲೋರೈಡುಗಳನ್ನು ಮತ್ತಷ್ಟು ಸಾಂದ್ರವಾಗಿ ಹೊತ್ತು ಹೊರಬರುತ್ತದೆ. ಅದನ್ನು ಪಕ್ಕದ ಹೊಲಕ್ಕೋ ಹಳ್ಳಕ್ಕೋ ಬಿಟ್ಟರೆ ಅತಿಥಿಯ ಕ್ಷೇಮದ ಬೆಲೆಯನ್ನು ಊರಿನವರು ತೆರಬೇಕಾಗುತ್ತದೆ. ಇದು ನನಗೆ ಒಪ್ಪಲಾಗದ ವ್ಯವಹಾರ.

ಹಾಗಾದರೆ ಇಲ್ಲಿ ಬೆಳೆಯಬಲ್ಲದ್ದು ಏನು? ಎಣ್ಣೆ ಮತ್ತು ಪಳಗಿದ ಕೈ. ನೀರು ತುಂಬುವ ಹಬ್ಬದ ಮರುದಿನದ ಅಭ್ಯಂಗವಾಗಲಿ, ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಿ ಎರೆಯುವ ರೂಢಿಯಾಗಲಿ ನಮಗೆ ಹೊಸದಲ್ಲ. ಅದಕ್ಕೆ ಬೇಕಾಗುವ ನೀರು ಎರಡು ಕೊಡ. ಮಾಲೀಸಿನ ಬಗ್ಗೆ ವಿಜ್ಞಾನವೂ ಮೌನವಾಗಿಲ್ಲ. 2012ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು, ದಣಿಯುವವರೆಗೆ ಸೈಕಲ್ ತುಳಿದ 11 ಯುವಕರ ಒಂದು ಕಾಲಿಗೆ ಮಾತ್ರ ಹತ್ತು ನಿಮಿಷ ಮಾಲೀಸು ಮಾಡಿಸಿ, ಎರಡೂ ಕಾಲುಗಳ ಸ್ನಾಯುವಿನ ತುಣುಕುಗಳನ್ನು ಪರೀಕ್ಷಿಸಿದರು. ಮಾಲೀಸಾದ ಕಾಲಿನಲ್ಲಿ ಉರಿಯೂತದ ಸಂಕೇತಗಳು ತಗ್ಗಿದ್ದವು. ಲ್ಯಾಕ್ಟಿಕ್ ಆಮ್ಲ ಮಾತ್ರ ಕಡಿಮೆಯಾಗಿರಲಿಲ್ಲ. ‘ಮಾಲೀಸು ಮಾಡಿದರೆ ಸ್ನಾಯುಗಳ ಆಮ್ಲ ಹೊರಟುಹೋಗುತ್ತದೆ’ ಎಂಬ ಪ್ರಚಾರಕ್ಕೆ ಆಧಾರ ಸಿಗಲಿಲ್ಲ. ‘ದೇಹದ ವಿಷ ಹೊರಹಾಕುತ್ತೇವೆ’ ಎಂಬ ಫಲಕಕ್ಕೂ ಆಧಾರವಿಲ್ಲ. ಬೆವರು ಬಹುಪಾಲು ನೀರು ಮತ್ತು ಉಪ್ಪು. ಬೇಡವಾದದ್ದನ್ನು ಸೋಸುವ ಕೆಲಸ ಯಕೃತ್ತು, ಮೂತ್ರಪಿಂಡಗಳದ್ದು. ನೋವು ಶಮನ, ವಿಶ್ರಾಂತಿ, ಒಳ್ಳೆಯ ನಿದ್ದೆ ಎಂದಷ್ಟೇ ಹೇಳಿ ಅದನ್ನು ಚೆನ್ನಾಗಿ ಕೊಡುವ ಕೇಂದ್ರಕ್ಕೆ ಗಿರಾಕಿ ಮರಳಿ ಬರುತ್ತಾನೆಂದು ನಾನು ನಂಬುತ್ತೇನೆ.

ಕೈಗಳ ಕೊರತೆ ಜಗತ್ತಿನಾದ್ಯಂತ ಈ ಉದ್ಯಮದ ಗೋಳು. ತರಬೇತಿ ಪಡೆದವರು ಸಿಗುವುದು ಕಷ್ಟ, ಸಿಕ್ಕವರ ಹೆಬ್ಬೆರಳು, ಮಣಿಕಟ್ಟು, ಭುಜಗಳು ಕೆಲವೇ ವರ್ಷಗಳಲ್ಲಿ ನೋಯತೊಡಗುತ್ತವೆ. ಬಳ್ಳಾರಿಯಲ್ಲಿ ಪಂಡಿತ ತಾರಾನಾಥರ ಹೆಸರಿನ ಸರ್ಕಾರಿ ಆಯುರ್ವೇದ ಕಾಲೇಜಿದೆ. ವೈದ್ಯರನ್ನು ರೂಪಿಸುವ ಇಂಥ ಸಂಸ್ಥೆಯ ಮಾರ್ಗದರ್ಶನದಲ್ಲಿ ಸುತ್ತಲಿನ ಹಳ್ಳಿಗಳ ಯುವತಿಯರು, ಯುವಕರು ಅಭ್ಯಂಗವನ್ನೂ, ಯಾರಿಗೆ ಅದನ್ನು ಮಾಡಬಾರದು ಎಂಬುದನ್ನೂ ಕಲಿತರೆ ಕೆಲಸ ಇಲ್ಲಿಯೇ ಉಳಿಯುತ್ತದೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರುವವರಿಗೆ, ಜ್ವರ ಇರುವವರಿಗೆ ಮಾಲೀಸು ಸಲ್ಲದು ಎಂಬ ತಿಳಿವಳಿಕೆ ಸುಗಂಧದ ದೀಪಕ್ಕಿಂತ ಬೆಲೆಯುಳ್ಳದ್ದು.

ಕಟ್ಟಡದ ಪ್ರಶ್ನೆಯೂ ಇದೆ. ಆನೆಗುಂದಿಯ ಸಮೀಪದ ವಿರುಪಾಪುರ ಗಡ್ಡಿಯಲ್ಲಿ ಎದ್ದಿದ್ದ ರೆಸಾರ್ಟುಗಳು ಅನಧಿಕೃತವೆಂಬ ಹೈಕೋರ್ಟ್ ತೀರ್ಪನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು. ಮಾರ್ಚಿನಲ್ಲಿ ಅವು ನೆಲಸಮವಾದವು. ವಿಶ್ವ ಪರಂಪರೆಯ ಈ ವಲಯದಲ್ಲಿ ಹೊಸ ಕಾಂಕ್ರೀಟಿಗಿಂತ, ಆನೆಗುಂದಿಯಲ್ಲಿ ಈಗಾಗಲೇ ಕೆಲವರು ಮಾಡಿರುವಂತೆ ಹಳೆಯ ಮನೆಗಳನ್ನು ದುರಸ್ತಿ ಮಾಡಿ ಅತಿಥಿಗಳಿಗೆ ತೆರೆಯುವುದು ಜಾಣತನ. ಅವುಗಳ ದಪ್ಪ ಕಲ್ಲುಗೋಡೆ, ಮಣ್ಣಿನ ಮಾಳಿಗೆಗಳು ಹಗಲಿನ ಶಾಖವನ್ನು ನಿಧಾನವಾಗಿ ಹೀರುವುದರಿಂದ ಮಧ್ಯಾಹ್ನವೂ ಒಳಗೆ ತಂಪಿರುತ್ತದೆ. ಅಂಥ ಮನೆಯ ಒಂದು ಪಡಸಾಲೆಯಲ್ಲಿ ಅಭ್ಯಂಗದ ಹಲಗೆ, ಹಿತ್ತಲಲ್ಲಿ ಬಚ್ಚಲು, ಬಚ್ಚಲಿನ ನೀರು ಹರಿಯಲು ಒಂದು ಬಾಳೆಯ ಪಾತಿ ಇದ್ದರೆ ಕೇಂದ್ರ ಆರಂಭಿಸಲು ಸಾಕು.