ಸಿಗದ ಪಿಸ್ತೂಲಿನ ಹಿಂದೆ ಬೀಳುವ ಮೊದಲು

ಹೊಸದಾಗಿ ಲೈಸೆನ್ಸ್ ಕೈಗೆ ಬಂದವರು ಬಂದೂಕಿನ ಅಂಗಡಿಗೆ ಬಂದು ಕೇಳುವ ಮೊದಲ ಮಾತು ಹೆಚ್ಚಾಗಿ ಒಂದೇ. "ಅಣ್ಣ, ಫಾರಿನ್ ಮಾಲು ಏನಾದ್ರೂ ಐತೇನು?" ಜರ್ಮನಿಯ ವಾಲ್ಥರ್ ಬೇಕು, ಅಮೆರಿಕದ ಕೋಲ್ಟ್ ಬೇಕು, ಇಂಗ್ಲೆಂಡಿನ ಹಳೆ ವೆಬ್ಲಿ ಆದರೂ ಸರಿ. ಗಂಗಾವತಿಯ ಅಕ್ಕಿ ಗಿರಣಿಯವರು, ಸಂಡೂರಿನ ಗಣಿ ಗುತ್ತಿಗೆದಾರರು, ರಾಯಚೂರಿನ ಹತ್ತಿ ವ್ಯಾಪಾರಿಗಳು, ಎಲ್ಲರದೂ ಇದೇ ಆಸೆ. ಅದೇ ಯಾಕೆ ಬೇಕು ಅಂತ ತಿರುಗಿ ಕೇಳಿದರೆ ಉತ್ತರ ಸಿಗುವುದು ಕಷ್ಟ. ಮಾವನ ಹತ್ತಿರ ಇತ್ತು, ಗೆಳೆಯನ ಹತ್ತಿರ ಇದೆ, ಅಷ್ಟೇ.

ಬಳ್ಳಾರಿಯಲ್ಲಿ ಬಂದೂಕು ಮಾರುವುದು, ರಿಪೇರಿ ಮಾಡುವುದು ನನ್ನ ಕೆಲಸ. ದುಬಾರಿ ಮಾಲು ಮಾರಿದರೆ ನನಗೂ ನಾಲ್ಕು ಕಾಸು ಜಾಸ್ತಿ ಸಿಗುತ್ತದೆ. ಆದರೂ ಹೇಳುತ್ತೇನೆ: ನಿಮ್ಮಲ್ಲಿ ಹೆಚ್ಚಿನವರಿಗೆ ಆ ವಾಲ್ಥರ್ ಬೇಡ.

ಅದು ಸಿಗುವುದಿಲ್ಲ ಯಾಕೆ ಅನ್ನುವುದನ್ನು ಮೊದಲು ನೋಡೋಣ. 1980ರ ದಶಕದ ಮಧ್ಯದಲ್ಲಿ ಸರ್ಕಾರ ಸಾಮಾನ್ಯ ಜನ ವಿದೇಶದಿಂದ ಬಂದೂಕು ತರಿಸುವುದಕ್ಕೆ ತಡೆ ಹಾಕಿತು. ಹೆಸರು ಮಾಡಿದ ಶೂಟಿಂಗ್ ಕ್ರೀಡಾಪಟುಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ ಈಗ ಓಡಾಡುತ್ತಿರುವ ವಿದೇಶಿ ಕೈಬಂದೂಕುಗಳೆಲ್ಲ ಹೆಚ್ಚುಕಮ್ಮಿ ಅದಕ್ಕೂ ಮೊದಲು ಬಂದವು. ಕೋಲ್ಟ್‌ನ 1903ರ ಮಾದರಿ ತಯಾರಾಗುವುದು ಎರಡನೇ ಮಹಾಯುದ್ಧದ ಹೊತ್ತಿಗೇ ನಿಂತಿತು. ಇರುವಷ್ಟೇ ಮಾಲು ಕೈಯಿಂದ ಕೈಗೆ ಹೋಗುತ್ತಿದೆ. ಪ್ರತಿ ಕೈ ಬದಲಾದಾಗಲೂ ರೇಟು ಏರುತ್ತದೆ, ಒಳಗಿನ ಸ್ಪ್ರಿಂಗು ಮಾತ್ರ ಇನ್ನಷ್ಟು ಹಳೆಯದಾಗುತ್ತದೆ. ಹೊಸ ದೇಶಿ ರಿವಾಲ್ವರ್‌ನ ಹಲವು ಪಟ್ಟು ಕೊಟ್ಟು ತಾತನ ಕಾಲದ ಪಿಸ್ತೂಲು ಮನೆಗೆ ತರುತ್ತೀರಿ.

ಕೆಲವರು 9 ಎಂಎಂ ಕೇಳುತ್ತಾರೆ. ಅದು ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ಒಳ ಅಳತೆ). ಡಿಸಿ ಕೊಡುವ ಲೈಸೆನ್ಸಿನಲ್ಲಿ ಅದು ಬರುವುದೇ ಇಲ್ಲ, ದೆಹಲಿಯ ಗೃಹ ಸಚಿವಾಲಯದ ಕೆಲಸ. ನಮ್ಮಂಥವರಿಗೆ ಉಳಿಯುವುದು, ಇಂಚಿನ ಲೆಕ್ಕದಲ್ಲಿ, ಮುಖ್ಯವಾಗಿ .32, ಅದರ ಕೆಳಗೆ .22.

ಇಲ್ಲೇ ಒಂದು ಗೊಂದಲ ಇದೆ. .32 ಅಂದರೆ ಒಂದೇ ಗುಂಡು ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ. ರಿವಾಲ್ವರಿನದು .32 ಎಸ್ ಅಂಡ್ ಡಬ್ಲ್ಯೂ ಲಾಂಗ್. ಉದ್ದದ ತೋಟಾ (ಗುಂಡು, ಮದ್ದು ಸೇರಿದ ಪೂರ್ತಿ ಕಾರ್ಟ್ರಿಜ್), ಬುಡದಲ್ಲಿ ಎದ್ದು ಕಾಣುವ ಅಂಚು. ಪಿಸ್ತೂಲಿನದು .32 ಎಸಿಪಿ, ಇದನ್ನೇ 7.65 ಎಂಎಂ ಅಂತಲೂ ಕರೆಯುತ್ತಾರೆ. ಗಿಡ್ಡದು, ಅಂಚು ಇದೆಯೋ ಇಲ್ಲವೋ ಅನ್ನುವಷ್ಟು. ಮೊದಲನೆಯದರ ಸೀಸದ ಗುಂಡು 6 ಗ್ರಾಂಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ, ನಿಧಾನ. ಎರಡನೆಯದು 4.6 ಗ್ರಾಂ ಹತ್ತಿರ, ವೇಗ ಜಾಸ್ತಿ. ಹೊಡೆತದ ಲೆಕ್ಕದಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. "ಯಾವುದಕ್ಕೆ ಪವರ್ ಜಾಸ್ತಿ" ಅಂತ ಅಂಗಡಿಯಲ್ಲಿ ಅರ್ಧ ಗಂಟೆ ವಾದ ಮಾಡುವವರಿಗೆ ಈ ಮಾತು ರುಚಿಸುವುದಿಲ್ಲ. ಆದರೆ ಮನೆಯಲ್ಲಿ ಎರಡೂ ಇದ್ದರೆ ಡಬ್ಬಿಗಳನ್ನು ಬೇರೆಬೇರೆ ಇಡಿ. ಒಂದರ ತೋಟಾವನ್ನು ಇನ್ನೊಂದಕ್ಕೆ ತುರುಕಲು ನೋಡಿ ಸಿಕ್ಕಿಸಿಕೊಂಡು ಬಂದವರನ್ನು ನೋಡಿದ್ದೇನೆ.

ಹಾಗಾದರೆ ರಿವಾಲ್ವರೋ ಪಿಸ್ತೂಲೋ? ನಾನು ಕೇಳುವ ಪ್ರಶ್ನೆ ಬೇರೆ: ವರ್ಷಕ್ಕೆ ಎಷ್ಟು ಸಲ ಹೊಡೆದು ಅಭ್ಯಾಸ ಮಾಡುತ್ತೀರಿ? ನಮ್ಮ ಕಡೆ ಪ್ರಾಮಾಣಿಕ ಉತ್ತರ ಬಹಳ ಸಲ "ಇಲ್ಲ" ಅಂತಲೇ. ತಿಜೋರಿಯಲ್ಲಿ ಇಟ್ಟದ್ದು ದಸರಾಕ್ಕೆ ಹೊರಗೆ ಬರುತ್ತದೆ, ಪೂಜೆಯಾಗುತ್ತದೆ, ಮತ್ತೆ ಒಳಗೆ ಹೋಗುತ್ತದೆ. ಅಂಥವರಿಗೆ ರಿವಾಲ್ವರ್. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಕಾರಣ ಕೇಳಿ. ರಿವಾಲ್ವರ್ ತೆರೆದರೆ ಸಿಲಿಂಡರಿನಲ್ಲಿ ತೋಟಾ ಕೂರುವ ಆರೂ ಮನೆ ಕಣ್ಣೆದುರು. ತುಂಬಿದೆಯೋ ಖಾಲಿಯೋ, ಚಿಕ್ಕ ಹುಡುಗನೂ ಹೇಳಬಹುದು. ಪಿಸ್ತೂಲಿನಲ್ಲಿ ಹಾಗಲ್ಲ. ಮ್ಯಾಗಝೀನ್, ಅಂದರೆ ಹಿಡಿಯೊಳಗಿನ ತೋಟಾ ಡಬ್ಬಿ, ತೆಗೆದರೂ ನಳಿಗೆಯ ಹಿಂದೆ ಒಂದು ಗುಂಡು ಕೂತಿರಬಹುದು. "ಮ್ಯಾಗಝೀನ್ ತೆಗೆದಿದ್ದೆ ಸಾರ್, ಖಾಲಿ ಅಂದುಕೊಂಡಿದ್ದೆ" ಅನ್ನುವ ಮಾತಿನ ಹಿಂದೆ ಎಷ್ಟೋ ಅನಾಹುತಗಳಿವೆ. ಮೊದಲು ಮ್ಯಾಗಝೀನ್ ತೆಗೆಯಬೇಕು, ಆಮೇಲೆ ಸ್ಲೈಡ್ (ಮೇಲಿನ ಜಾರುವ ಭಾಗ) ಹಿಂದಕ್ಕೆಳೆದು ಕಣ್ಣಲ್ಲಿ ನೋಡಬೇಕು, ಬೆರಳಲ್ಲಿ ಮುಟ್ಟಬೇಕು. ಈ ಕ್ರಮ ತಪ್ಪಿದರೆ ಕಥೆ ಮುಗಿಯಿತು. ಅಭ್ಯಾಸ ಇಲ್ಲದ ಕೈಗೆ ಕ್ರಮ ನೆನಪಿರುವುದಿಲ್ಲ.

ಇನ್ನು ಗುಂಡು ಹಾರದಿದ್ದರೆ? ರಿವಾಲ್ವರಿನಲ್ಲಿ ಮತ್ತೊಮ್ಮೆ ಟ್ರಿಗರ್ ಎಳೆದರೆ ಸಿಲಿಂಡರ್ ತಿರುಗಿ ಮುಂದಿನ ತೋಟಾ ಬರುತ್ತದೆ. ಪಿಸ್ತೂಲಾದರೆ ಸ್ಲೈಡ್ ಎಳೆದು ಕೆಟ್ಟದ್ದನ್ನು ಹೊರಹಾಕಬೇಕು. ಹಳೆ 7.65 ಪಿಸ್ತೂಲಿಗೆ ಗಟ್ಟಿ ಸ್ಪ್ರಿಂಗ್ ಇದ್ದರಂತೂ ವಯಸ್ಸಾದವರಿಗೆ, ಬೆರಳಿನ ಗಂಟು ನೋವಿದ್ದವರಿಗೆ ಸ್ಲೈಡ್ ಎಳೆಯಲಿಕ್ಕೇ ಬರುವುದಿಲ್ಲ. ಅಂಗಡಿಯಲ್ಲೇ ಖಾಲಿ ಪಿಸ್ತೂಲು ಹಿಡಿದು ಐದಾರು ಸಲ ಎಳೆದು ನೋಡಿ. ನಾಚಿಕೆ ಬೇಡ.

ಪಿಸ್ತೂಲಿನ ಪರವಾಗಿಯೂ ಹೇಳಬೇಕು. ಚಪ್ಪಟೆ ಇರುತ್ತದೆ, ಅಂಗಿಯೊಳಗೆ ಉಬ್ಬುವುದಿಲ್ಲ. ಟ್ರಿಗರ್ ಹಗುರ, ಹಾಗಾಗಿ ಗುರಿ ಸುಲಭ. ರಿವಾಲ್ವರಿನಲ್ಲಿ ಹ್ಯಾಮರ್ ಎತ್ತದೆ ನೇರವಾಗಿ ಟ್ರಿಗರ್ ಎಳೆದರೆ ಎಷ್ಟು ಭಾರ ಅಂದರೆ ಮೂತಿಯೇ ಪಕ್ಕಕ್ಕೆ ಹೊರಳುತ್ತದೆ. ನಿಯಮಿತವಾಗಿ ರೇಂಜಿಗೆ ಹೋಗುವವರು, ಬಿಚ್ಚಿ ಒರೆಸಿ ಎಣ್ಣೆ ಹಾಕುವ ತಾಳ್ಮೆ ಇರುವವರು ಪಿಸ್ತೂಲು ತಗೊಳ್ಳಲಿ. ಅವರಿಗೆ ನನ್ನ ಸಲಹೆ ಬೇಕಾಗಿಯೂ ಇಲ್ಲ.

ನಮ್ಮ ಸೀಮೆಯ ಇನ್ನೊಂದು ವಿಷಯ ಧೂಳು. ಸಂಡೂರು, ತೋರಣಗಲ್ಲು ಕಡೆಯಿಂದ ಬರುವ ಪಿಸ್ತೂಲು ಬಿಚ್ಚಿದರೆ ಒಳಗೆಲ್ಲ ಕೆಂಪು. ಅದಿರಿನ ಧೂಳು ಎಣ್ಣೆ ಜೊತೆ ಸೇರಿದರೆ ಸಾಣೆ ಹಿಡಿದಂತೆ ಲೋಹವನ್ನು ತಿನ್ನುತ್ತದೆ. ಜನ ಇನ್ನಷ್ಟು ಎಣ್ಣೆ ಸುರಿಯುತ್ತಾರೆ, ಇನ್ನಷ್ಟು ಧೂಳು ಅಂಟುತ್ತದೆ. ತೆಳ್ಳಗೆ ಒರೆಸಿದಷ್ಟು ಸಾಕು. ರಾಯಚೂರಿನ ಬೇಸಿಗೆಯಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿದರೆ ಬೆವರಿನ ಉಪ್ಪು ಎರಡೇ ದಿನದಲ್ಲಿ ತುಕ್ಕು ಹಿಡಿಸುತ್ತದೆ. ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಚರ್ಮ ತೇವ ಹಿಡಿಯುತ್ತದೆ. ಆಯುಧ ಪೂಜೆಯ ಕುಂಕುಮ, ನಿಂಬೆಹಣ್ಣಿನ ರಸ ಕೂಡ ಹಾಗೇ. ಪೂಜೆ ಮಾಡಿ, ಖಂಡಿತ ಮಾಡಿ. ಅದೇ ದಿನ ಸಂಜೆ ಒರೆಸಿಬಿಡಿ. ನಿಂಬೆ ಹುಳಿ ತಾಗಿದ ಕಡೆ ಕಪ್ಪು ಬಣ್ಣ ಹೋಗಿ ಬಿಳಿ ಮಚ್ಚೆ ಬಿದ್ದ ರಿವಾಲ್ವರ್‌ಗಳು ಪ್ರತಿ ದಸರಾ ಆದಮೇಲೆ ಬರುತ್ತವೆ.

ಹೊಸದು ತಗೊಳ್ಳುವುದಾದರೆ ಕಾನ್ಪುರದ ಮಾಲು ಇದೆ. ಮೊದಲು ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡ್ ಇತ್ತು. 2021ರ ಅಕ್ಟೋಬರ್‌ನಲ್ಲಿ ಅದನ್ನು ಒಡೆದು ಏಳು ಕಂಪನಿ ಮಾಡಿದರು, ಸಣ್ಣ ಬಂದೂಕುಗಳು ಎಡಬ್ಲ್ಯೂಇಐಎಲ್ ಅನ್ನುವ ಸರ್ಕಾರಿ ಕಂಪನಿಯ ಪಾಲಿಗೆ ಬಂದವು. ಹಳೆಯ .32 ರಿವಾಲ್ವರ್ ವೆಬ್ಲಿ ಧಾಟಿಯದು, ನಡು ಮುರಿದು, ಅಂದರೆ ಕೀಲಿನಲ್ಲಿ ನಳಿಗೆ ಕೆಳಕ್ಕೆ ಬಾಗಿ, ತೆರೆಯುತ್ತದೆ. 2014ರಲ್ಲಿ ಬಂದ ನಿರ್ಭೀಕ್ ಕೂಡ ಹಾಗೇ, ಟೈಟಾನಿಯಂ ಮಿಶ್ರಲೋಹ, ಅರ್ಧ ಕಿಲೋ ಆಸುಪಾಸು. ಹೆಂಗಸರಿಗೆ ಅಂತ ಪ್ರಚಾರ ಮಾಡಿದರು. ಕೈ ಚಿಕ್ಕದಿದ್ದ ಗಂಡಸರಿಗೂ ಒಳ್ಳೆಯದೇ. 2023ರಲ್ಲಿ ಬಂದ ಪ್ರಬಲ್‌ನ ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತದೆ. ಸ್ವದೇಶಿ ಪಿಸ್ತೂಲು ಬೇಕೆಂದರೆ ಪಶ್ಚಿಮ ಬಂಗಾಳದ ಇಶಾಪುರದ ಅಶನಿ ಇದೆ. ಇವುಗಳ ಅಂದ ವಿದೇಶಿ ಮಾಲಿನಷ್ಟಿಲ್ಲ, ಒಪ್ಪುತ್ತೇನೆ. ಆದರೆ ಸ್ಪ್ರಿಂಗ್ ಮುರಿದರೆ ಇನ್ನೊಂದು ಸಿಗುತ್ತದೆ ಅಲ್ವಾ?

ವಿದೇಶಿಯದರಲ್ಲಿ ಅದೇ ಕಷ್ಟ. ಮ್ಯಾಗಝೀನಿನ ತುಟಿ, ಅಂದರೆ ಮೇಲಿನ ಬಾಯಂಚು, ಸ್ವಲ್ಪ ಬಾಗಿದರೂ ತೋಟಾ ಸರಿಯಾಗಿ ಏರುವುದಿಲ್ಲ. ಅಸಲಿ ಮ್ಯಾಗಝೀನ್ ಎಲ್ಲಿಂದ ತರುತ್ತೀರಿ? ಲೇತಿನಲ್ಲಿ ಮಾಡಿಸಿದ್ದು ಎರಡನೇ ಗುಂಡಿಗೇ ಸಿಕ್ಕಿಕೊಳ್ಳುತ್ತದೆ.

ಇಷ್ಟು ಹೇಳಿದ ಮೇಲೂ ಹಳೆಯದೇ ಬೇಕು ಅನ್ನುವವರಿಗೆ ದಾರಿ ಹೇಳುತ್ತೇನೆ. ಒಳ್ಳೆ ಮಾಲು ಹೆಚ್ಚಾಗಿ ಹೊರಬರುವುದು ಎರಡು ಕಡೆಯಿಂದ. ಒಂದು, ಹಿರಿಯರು ತೀರಿಕೊಂಡ ಮನೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ತಂದೆ ಬದುಕಿದ್ದರೂ, 70 ತುಂಬಿದ್ದರೆ ಅಥವಾ ಬಂದೂಕು 25 ವರ್ಷ ಅವರ ಬಳಿ ಇದ್ದರೆ ಮಕ್ಕಳಿಗೆ ವರ್ಗಾಯಿಸಲು ಅವಕಾಶ ಇದೆ. ಈ ವಿಷಯ ಗೊತ್ತಿಲ್ಲದೆ ಎಷ್ಟೋ ಮನೆಯವರು ಸುಮ್ನೆ ಮಾರಿಬಿಡುತ್ತಾರೆ. ನಿಮ್ಮ ಮನೆಯಲ್ಲೇ ಒಂದಿದ್ದರೆ ಊರೆಲ್ಲ ಹುಡುಕಬೇಕಿಲ್ಲ. ಎರಡು, ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ. ಒಬ್ಬರ ಬಳಿ ಮೂರು ಇರಬಹುದಿತ್ತು, ಅದನ್ನು ಎರಡಕ್ಕೆ ಇಳಿಸಿದರು. ಮೂರನೆಯದನ್ನು ಬಿಡಬೇಕಾದವರ ಮಾಲು ಒಂದಷ್ಟು ಕೈ ಬದಲಾಯಿತು.

ಒಬ್ಬ ಲೈಸೆನ್ಸುದಾರ ಇನ್ನೊಬ್ಬನಿಗೆ ಮಾರುವಾಗ ಮೊದಲು ಅಧಿಕಾರಿಗಳಿಗೆ ಬರೆದು ತಿಳಿಸಬೇಕು, 45 ದಿನ ಕಾಯಬೇಕು. "ಅಡ್ವಾನ್ಸ್ ಕೊಟ್ಟು ಈಗಲೇ ಒಯ್ಯಿರಿ, ಕಾಗದ ಆಮೇಲೆ" ಅಂದವರ ಮನೆಯಿಂದ ಬರಿಗೈಯಲ್ಲಿ ಎದ್ದು ಬನ್ನಿ. ಬಂದೂಕಿನ ಮೈಮೇಲಿನ ನಂಬರು, ಲೈಸೆನ್ಸಿನಲ್ಲಿರುವ ನಂಬರು ಒಂದೊಂದು ಅಂಕಿ ತಾಳೆಯಾಗಬೇಕು. ಇಂಗ್ಲೆಂಡಿನದು ಅಂದರೆ ಬರ್ಮಿಂಗ್‌ಹ್ಯಾಮ್ ಅಥವಾ ಲಂಡನ್ ಪರೀಕ್ಷಾ ಮುದ್ರೆ ಹುಡುಕಿ. ಕಂಪನಿಯ ಹೆಸರೊಂದನ್ನೇ ನಂಬಬೇಡಿ. ಬಿಹಾರದ ಮುಂಗೇರ್ ಕಡೆಯ ಕಳ್ಳ ಕಾರ್ಖಾನೆಗಳಲ್ಲಿ ಯಾವ ಹೆಸರನ್ನು ಬೇಕಾದರೂ ಕೊರೆಯುತ್ತಾರೆ. ಲೈಸೆನ್ಸ್ ಇಲ್ಲದ ಬಂದೂಕು ಸಿಕ್ಕಿದರೆ ನಿಮ್ಮ ಲೈಸೆನ್ಸು ಕಾಪಾಡುವುದಿಲ್ಲ, ಜೈಲೇ.

ಮಾಲು ಎದುರಿಗೆ ಬಂದಾಗ ಮೊದಲು ಖಾಲಿ ಮಾಡಿಸಿ. ರಿವಾಲ್ವರ್ ಆದರೆ ಟ್ರಿಗರ್ ಪೂರ್ತಿ ಎಳೆದು ಹಿಡಿದು ಸಿಲಿಂಡರ್ ಅಲುಗಾಡಿಸಿ ನೋಡಿ. ಕೂದಲೆಳೆಯಷ್ಟು ಆಡಿದರೆ ಪರವಾಗಿಲ್ಲ, ಲಟಪಟ ಅಂದರೆ ಬಿಡಿ. ಮನೆ ಮತ್ತು ನಳಿಗೆ ನೇರಕ್ಕೆ ಬರದಿದ್ದರೆ ಹೊಡೆದಾಗ ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ನಡು ಮುರಿಯುವ ಮಾದರಿಯಲ್ಲಿ ಮೇಲಿನ ಕೊಂಡಿ ಸವೆದಿದೆಯಾ ನೋಡಿ, ಆ ಬಂದೂಕಿನ ಪ್ರಾಣವೇ ಅದು. ನಳಿಗೆಯನ್ನು ಬೆಳಕಿಗೆ ಹಿಡಿದರೆ ಒಳಗಿನ ಸುರುಳಿ ಗೆರೆ ಚೂಪಾಗಿ ಕಾಣಬೇಕು. ಹೊರಗೆ ಹೊಸ ಕಪ್ಪು ಬಣ್ಣ, ಒಳಗೆ ಹೊಂಡ, ಇಂಥದ್ದೇ ಜಾಸ್ತಿ.

ಮದುವೆ, ಜಾತ್ರೆಯಲ್ಲಿ ಗಾಳಿಗೆ ಹಾರಿಸುವ ಆಸೆ ಇದ್ದವರು ಯಾವುದನ್ನೂ ತಗೊಳ್ಳಬೇಡಿ. 2019ರಿಂದ ಅದಕ್ಕೇ ಬೇರೆ ಶಿಕ್ಷೆ ಇದೆ: ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಚುನಾವಣೆ ಬಂದಾಗ ಠಾಣೆಯಲ್ಲಿ ಜಮಾ ಮಾಡಲು ಹೇಳುತ್ತಾರೆ. ಖಾಲಿ ಮಾಡಿ, ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಕೊಡಿ. ರಸೀದಿಯಲ್ಲಿ ನಂಬರ್ ಸರಿಯಾಗಿ ಬರೆದಿದ್ದಾರಾ ಅಂತ ಅಲ್ಲೇ ನಿಂತು ನೋಡಿಕೊಳ್ಳಿ. ವಾಪಸ್ ತಂದ ದಿನವೇ ಬಿಚ್ಚಿ ನೋಡಿ.